ಹಲಗೆಯ ಮೇಲೆ ಬಂದ ಜಾಹೀರಾತು

ನಿಮ್ಮ ಮನೆಯಲ್ಲೂ ಹೀಗೇ ಆಗುತ್ತಿರಬೇಕು. ಇವತ್ತು ಕರೆಂಟ್ ಎಷ್ಟು ಗಂಟೆಗೆ ಬರುತ್ತದೆ ಎಂದು ನೋಡಲು ಸಾಮಾಜಿಕ ಜಾಲತಾಣ ತೆರೆಯುತ್ತೀರಿ. ಮೊದಲು ಯಾರೋ ಒಬ್ಬಳು ಕುಣಿಯುತ್ತಾಳೆ. ಅದರ ಕೆಳಗೆ ಸೀರೆ. ಅದರ ಕೆಳಗೆ ನೀವು ಯಾವತ್ತೂ ನೋಡಿರದ ನಾಲ್ಕು ಜನರ ಮುಖ, ಇವರು ನಿಮಗೆ ಗೊತ್ತಿರಬಹುದು ಎಂಬ ಮಾತು. ಮತ್ತೆ ಕೂದಲಿನ ಎಣ್ಣೆ, ಮತ್ತೆ ಕುಣಿತ. ಇಪ್ಪತ್ತು ನಿಮಿಷ ಬೆರಳು ಸವೆಸಿದ ಮೇಲೆ ಏನು ನೋಡಲು ಬಂದಿದ್ದೆವು ಎಂಬುದೇ ಮರೆತುಹೋಗಿರುತ್ತದೆ. ಅಷ್ಟರಲ್ಲಿ ಹೊಲಕ್ಕೆ ಬರಬೇಕಾದ ಕರೆಂಟ್ ಬಂದು ಹೋಗಿರುತ್ತದೆ.

ನನ್ನ ಹೆಸರು ಸುವರ್ಣಾ. ಹುಕ್ಕೇರಿ ತಾಲೂಕಿನಲ್ಲಿ, ಹಿಡಕಲ್ ಅಣೆಕಟ್ಟಿಗೆ ಹತ್ತಿರದ ಒಂದು ಊರಿನ ಗ್ರಂಥಾಲಯ ನೋಡಿಕೊಳ್ಳುತ್ತೇನೆ. ಒಂದು ಕೋಣೆ, ಎರಡು ಕಪಾಟು, ಒಂದು ಕಂಪ್ಯೂಟರ್. ಹದಿನಾಲ್ಕು ವರ್ಷದಿಂದ ಅದೇ ಬೀಗ ತೆಗೆದು ಅದೇ ಬೀಗ ಹಾಕಿ ದಣಿದಿದ್ದೇನೆ. ಆದರೂ ಈ ಕಥೆಯನ್ನು ಹೇಳಲೇಬೇಕು, ಏಕೆಂದರೆ ಇದರಲ್ಲಿ ತಪ್ಪು ನನ್ನದೂ ಇದೆ.

ಗ್ರಂಥಾಲಯದ ಹೊರಗೋಡೆಗೆ ಒಂದು ಕರಿ ಹಲಗೆ ಇದೆ. ಊರಿನ ಸುದ್ದಿಯೆಲ್ಲ ಅದರ ಮೇಲೆ ಬರುತ್ತದೆ. ತ್ರೀ ಫೇಸ್ ಕರೆಂಟ್ ಎಷ್ಟು ಹೊತ್ತಿಗೆ, ಕಾಲುವೆಗೆ ನೀರು ಯಾವಾಗ, ಲಸಿಕೆ ಯಾವ ದಿನ, ಬಸ್ಸು ಬರುತ್ತದೋ ಇಲ್ಲವೋ. ಅದನ್ನು ಬರೆಯುವವರು ಸಿದ್ರಾಯ ಕಾಕಾ. ಮೂವತ್ತೊಂದು ವರ್ಷ ಅಣೆಕಟ್ಟಿನಲ್ಲಿ ಗೇಜು ಓದುವ ಕೆಲಸ ಮಾಡಿ ನಿವೃತ್ತರಾದವರು. ಬೆಳಿಗ್ಗೆ ನೀರಿನ ಅಂಚಿಗೆ ಹೋಗಿ, ಅಳತೆಯ ಕಂಬ ನೋಡಿ, ನೀರು ಎಷ್ಟು ಅಡಿ ಇದೆಯೋ ಅಷ್ಟನ್ನು ಪುಸ್ತಕದಲ್ಲಿ ಬರೆಯುವುದು ಅವರ ಕೆಲಸವಾಗಿತ್ತು.

"ಕಂಡದ್ದ ಬರಿ. ಒಂದ ಇಂಚ ಕೂಡಸಬ್ಯಾಡ, ಒಂದ ಇಂಚ ಕಳೀಬ್ಯಾಡ" ಎಂದು ಅವರ ಸಾಹೇಬರು ಮೊದಲ ದಿನವೇ ಹೇಳಿದ್ದರಂತೆ. ಕಾಕಾ ಆ ಮಾತನ್ನು ಹಲಗೆಗೂ ತಂದರು. ಯಾರು ಏನು ಚೀಟಿ ಕೊಟ್ಟರೂ ಅದರಲ್ಲಿದ್ದಷ್ಟನ್ನೂ ಬರೆಯುವುದು. ಒಮ್ಮೆ ಎಮ್ಮೆ ಕಳೆದುಕೊಂಡ ಮನೆಯವರು ಕಿರಾಣಿ ಪಟ್ಟಿಯ ಕೆಳಗೇ ಎಮ್ಮೆಯ ಸುದ್ದಿ ಬರೆದು ಕಳಿಸಿದ್ದರು. ಕಾಕಾ ಎರಡನ್ನೂ ಹಲಗೆಗೆ ಏರಿಸಿದರು. ಎಮ್ಮೆ ಸಿಕ್ಕಿತು. ಆ ಮನೆಗೆ ಎಷ್ಟು ಬೇಳೆ, ಎಷ್ಟು ಸಾಸಿವೆ ಬೇಕು ಎಂಬುದು ಊರಿಗೆಲ್ಲ ಗೊತ್ತಾಗಿ ಜನ ಒಂದು ತಿಂಗಳು ನಕ್ಕರು. ಕಾಕಾ ಮಾತ್ರ ನಗಲಿಲ್ಲ. ಚೀಟಿಯಲ್ಲಿ ಇತ್ತು, ಬರೆದೆ ಎಂದರು.

ಎರಡು ವರ್ಷದಿಂದ ಚೀಟಿ ಬರುವುದು ನಿಂತಿದೆ. ಲೈನ್‌ಮನ್, ಆಶಾ ಕಾರ್ಯಕರ್ತೆ, ಸಾಲೆಯ ಗುರುಗಳು, ಎಲ್ಲರೂ ಜಾಲತಾಣದಲ್ಲಿರುವ ಊರಿನ ಗುಂಪಿಗೇ ಸುದ್ದಿ ಹಾಕುತ್ತಾರೆ. ಆದರೆ ಊರಿನಲ್ಲಿ ಓದು ಬಾರದವರು ಬಹಳ ಜನ ಇದ್ದಾರೆ. ಜಾಲತಾಣ ತೆರೆಯುವಂಥ ಫೋನ್ ಇಲ್ಲದವರೂ ಇದ್ದಾರೆ. ಅದಕ್ಕೆ ಕಾಕಾ ದಿನವೂ ಬೆಳಿಗ್ಗೆ ನನ್ನ ಕಂಪ್ಯೂಟರಿನ ಮುಂದೆ ಕುಳಿತು, ಗುಂಪು ತೆರೆದು, ಕಂಡದ್ದನ್ನು ಕಾಗದದಲ್ಲಿ ಇಳಿಸಿಕೊಂಡು ಹೊರಗೆ ಹೋಗಿ ಹಲಗೆಯ ಮೇಲೆ ಬರೆಯುತ್ತಿದ್ದರು.

ಅಲ್ಲೇ ಎಡವಟ್ಟಾಯಿತು. ಗೇಜಿನ ಕಂಬದ ಮೇಲೆ ನೀರು ಮಾತ್ರ ಇರುತ್ತದೆ. ಈ ಪರದೆಯ ಮೇಲೆ ಏನಿಲ್ಲ ಹೇಳಿ. ನಾನು ಪಕ್ಕದಲ್ಲಿ ಕುಳಿತು, "ಕಾಕಾ, ಆ ಕುಣಿಯೂದ ಬಿಡ್ರಿ, ಮುಂದ ಸರಸ್ರಿ" ಎಂದು ಹೇಳಿ ಹೇಳಿ ಸೋತಿದ್ದೆ. ದಿನವೂ ಒಂದು ತಾಸು ಹೀಗೆ ಹೋಗುತ್ತಿತ್ತು. ಇಬ್ಬರ ಕಣ್ಣೂ ಉರಿಯುತ್ತಿದ್ದವು. ಆಮೇಲಾಮೇಲೆ ನಾನು ನೋಡುವುದನ್ನೇ ಬಿಟ್ಟೆ.

ಕಾರಹುಣ್ಣಿಮೆ ಕಳೆದ ವಾರ ಆಶಾ ಕಾರ್ಯಕರ್ತೆ ಗುಂಪಿಗೆ ಒಂದು ಸುದ್ದಿ ಹಾಕಿದರು. ಶುಕ್ರವಾರ ಅಂಗನವಾಡಿಯಲ್ಲಿ ಸಕ್ಕರೆ ಕಾಯಿಲೆಯ ತಪಾಸಣೆ, ಎಲ್ಲರೂ ಬನ್ನಿ ಎಂದು. ಅದರ ಕೆಳಗೇ ಇನ್ನೊಂದು ಬಂದಿತ್ತು. ಬಿಳಿ ಕೋಟು ಹಾಕಿದ ಒಬ್ಬನ ಚಿತ್ರ, ಒಂದು ಚೂರ್ಣದ ಡಬ್ಬಿ, ಗುಳಿಗೆ ಬಿಡಿ, ಇಪ್ಪತ್ತೊಂದು ದಿನ ಇದನ್ನು ತೆಗೆದುಕೊಳ್ಳಿ, ಸಕ್ಕರೆ ಬುಡಸಹಿತ ಹೋಗುತ್ತದೆ ಎಂಬ ಮಾತು, ಒಂದು ಫೋನ್ ನಂಬರ್. ಚೂರ್ಣದ ಹೆಸರನ್ನು ನಾನಿಲ್ಲಿ ಹೇಳುವುದಿಲ್ಲ. ಅದಕ್ಕೆ ಆಗಲೇ ಬೇಕಾದಷ್ಟು ಪ್ರಚಾರ ಸಿಕ್ಕಿದೆ.

ಕಾಕಾ ಕಂಡದ್ದನ್ನು ಕಂಡ ಹಾಗೆ ಬರೆದರು. ಮೇಲೆ ತಪಾಸಣೆ, ಕೆಳಗೆ ಚೂರ್ಣ. ನೋಡಿದವರಿಗೆ ಎರಡೂ ಆಶಾ ಕಾರ್ಯಕರ್ತೆಯೇ ಹೇಳಿದ್ದು ಎನ್ನಿಸುವಂತಿತ್ತು.

ಅವತ್ತು ಮಧ್ಯಾಹ್ನ ಸತ್ತೆವ್ವ ಹಲಗೆಯ ಮುಂದೆ ನಿಂತಿದ್ದಳು. ಹೊಲದ ಕೂಲಿಗೆ ಹೋಗುವ ಹೆಂಗಸು, ಐವತ್ತೆಂಟರ ಆಸುಪಾಸು, ಏಳು ವರ್ಷದಿಂದ ಸಕ್ಕರೆ ಕಾಯಿಲೆ. ಓದು ಬಾರದು. ದಿನವೂ ನನ್ನನ್ನು ಕರೆದು ಓದಿಸಿಕೊಳ್ಳುವುದು ಅವಳ ರೂಢಿ.

"ಏನ ಬರದೈತಿ ಯವ್ವಾ?" ಎಂದಳು.

ನಾನು ಓದಿದೆ. ಕೈಯಲ್ಲಿ ಕಸಬರಿಗೆ ಇತ್ತು, ಮನಸ್ಸು ಬೇರೆಲ್ಲೋ ಇತ್ತು. ಓದುವ ಬಾಯಿಗೆ ಯೋಚಿಸುವ ತಲೆ ಜೊತೆಯಾಗಲಿಲ್ಲ.

"ಗುಳಿಗಿ ನುಂಗಿ ನುಂಗಿ ಸಾಕಾಗೈತಿ. ಆ ನಂಬರಿಗೆ ಫೋನ್ ಹಚ್ಚಿ ಕೊಡತೀ ಏನ?" ಎಂದಳು.

ಹಚ್ಚಿ ಕೊಟ್ಟವಳೂ ನಾನೇ. ಡಬ್ಬಿ ಬಂದ ದಿನವೇ ಅವಳು ಗುಳಿಗೆ ಬಿಟ್ಟಳು.

ಸತ್ತೆವ್ವನ ಮಗಳು ಆಮ್ರಪಾಲಿ ಅರಭಾವಿಯ ತೋಟಗಾರಿಕೆ ಕಾಲೇಜಿನ ಪ್ರಯೋಗಾಲಯದಲ್ಲಿ ಕೆಲಸ ಮಾಡುತ್ತಾಳೆ. ವಾರದಲ್ಲಿ ಐದು ದಿನ ಅಲ್ಲೇ ಗೆಳತಿಯ ಕೋಣೆಯಲ್ಲಿರುತ್ತಾಳೆ. ಬಂದಾಗಲೆಲ್ಲ ಗುಳಿಗೆ ತೊಗೊಂಡಿಯೇನ ಎಂದು ಕೇಳುತ್ತಾಳೆ. ಸತ್ತೆವ್ವ ಹೂಂ ಅನ್ನುತ್ತಿದ್ದಳು. ಮಗಳಿಗೆ ಗೊತ್ತಾಗದಂತೆ ಇಪ್ಪತ್ತೊಂದು ದಿನ ಮುಗಿಸಿ, ಸಕ್ಕರೆ ಹೋಯಿತು ಎಂದು ಒಮ್ಮೆಲೇ ಹೇಳಬೇಕೆಂಬ ಆಸೆ ಇತ್ತಂತೆ.

ಹದಿನಾರನೆಯ ದಿನ ಸತ್ತೆವ್ವ ಕಳೆ ತೆಗೆಯುವಾಗ ಹೊಲದಲ್ಲೇ ಬಿದ್ದಳು. ಕಾಲಿನ ಕಿರುಬೆರಳಿಗೆ ವಾರದ ಹಿಂದೆ ಕಳೆ ತೆಗೆಯುವ ಕುರ್ಪಿ ತಾಗಿ ಆಗಿದ್ದ ಸಣ್ಣ ಗಾಯ ಅಷ್ಟರಲ್ಲಿ ಕಪ್ಪಗಾಗಿತ್ತು. ಹುಕ್ಕೇರಿಯಲ್ಲಿ ನೋಡಿದವರು ಬೆಳಗಾವಿಗೆ ಕಳಿಸಿದರು. ಹನ್ನೊಂದು ದಿನ ಆಸ್ಪತ್ರೆ. ಜೀವ ಉಳಿಯಿತು. ಬೆರಳು ತೆಗೆದರು.

ಸುದ್ದಿ ತಿಳಿದ ದಿನ ಸಿದ್ರಾಯ ಕಾಕಾ ಒದ್ದೆ ಅರಿವೆ ತಂದು ಹಲಗೆ ಒರೆಸಿದರು. ಮೂಲೆ ಮೂಲೆ ಬಿಡದೆ ಒರೆಸಿ, ಖಡುವಿನ, ಅಂದರೆ ಸೀಮೆಸುಣ್ಣದ, ಡಬ್ಬಿಯನ್ನು ನನ್ನ ಮೇಜಿನ ಮೇಲಿಟ್ಟರು.

"ನನ್ನ ಕೈಲೆ ಇನ್ನ ಇದ ಆಗೂದಿಲ್ಲ ತಂಗಿ" ಎಂದರು.

ನಾನು ಡಬ್ಬಿಯನ್ನು ತೆಗೆದು ಕಪಾಟಿನಲ್ಲಿಟ್ಟೆ. ಬಿಡಬೇಡಿ ಎಂದು ಹೇಳುವ ಮುಖ ನನಗೆಲ್ಲಿತ್ತು?

ಸತ್ತೆವ್ವ ಆಸ್ಪತ್ರೆಯಿಂದ ಮನೆಗೆ ಬಂದ ಮೇಲಿನ ಭಾನುವಾರ ಆಮ್ರಪಾಲಿ ಗ್ರಂಥಾಲಯಕ್ಕೆ ಬಂದಳು. ಬಾಯಿಗೆ ಬಂದಂತೆ ಬಯ್ಯುತ್ತಾಳೆ ಎಂದುಕೊಂಡಿದ್ದೆ. ಬಯ್ದಿದ್ದರೆ ಹಗುರವಾಗುತ್ತಿತ್ತು. ಆಸ್ಪತ್ರೆಯ ಬೆಂಚಿನ ಮೇಲೆ ಮಲಗಿ ಮಲಗಿ ಅವಳ ಕಣ್ಣು ಒಳಗೆ ಹೋಗಿದ್ದವು. ಕಾಕಾನನ್ನೂ ಕರೆಸಿದಳು. ಅವರು ಹೊಸ್ತಿಲ ಹೊರಗೇ ನಿಂತರು.

"ಒಳಗ ಬರ್ರಿ ಕಾಕಾ. ಜಗಳಾ ಮಾಡೂವಷ್ಟ ಶಕ್ತಿ ನನ್ನಾಗೂ ಉಳದಿಲ್ಲ. ಅವತ್ತ ನಿಮಗ ಕಂಡದ್ದ ಏನು, ನನಗ ತೋರಸ್ರಿ" ಎಂದಳು.

ಕಾಕಾ ಗುಂಪು ತೆರೆದರು. ಅದೇ ಚೂರ್ಣ ಮತ್ತೆ ಬಂದಿತ್ತು, ಈ ಸಲ ಬಸ್ಸಿನ ಸುದ್ದಿಯ ಕೆಳಗೆ.

"ಈ ಬಸ್ಸಿಂದ ಗುರುಗಳ ಹಾಕ್ಯಾರ. ಇದರ ಕೆಳಗಿಂದ ಯಾರ ಹಾಕ್ಯಾರ, ಹೇಳ್ರಿ" ಎಂದಳು ಆಮ್ರಪಾಲಿ.

"ಅವರ ಹಾಕಿರಬೇಕ. ಅದರ ಕೆಳಗ ಐತೆಲ್ಲ."

"ಅಲ್ರಿ. ಇದ ಜಾಹೀರಾತು. ನಮ್ಮ ಊರಾವ್ರ ಯಾರೂ ಹಾಕಿಲ್ಲ. ರೊಕ್ಕಾ ಕೊಟ್ಟ ನಮ್ಮ ಸುದ್ದಿ ನಡುವ ತಂದ ಕೂಡಿಸ್ಯಾರ. ಇಲ್ಲಿ ನೋಡ್ರಿ, ಪ್ರಾಯೋಜಿತ ಅಂತ ಬರದೈತಿ. ಹಂಗ ಇದ್ರ ಅದ ಜಾಹೀರಾತ ಅಂತ ತಿಳೀರಿ."

ಕಾಕಾ ಚಷ್ಮಾ ತೆಗೆದು ಪಂಚೆಗೆ ಒರೆಸಿ, ಮತ್ತೆ ಹಾಕಿಕೊಂಡು ಬಗ್ಗಿದರು.

"ಇಷ್ಟ ಸಣ್ಣ ಅಕ್ಷರದಾಗ, ಇಷ್ಟ ತಿಳೀ ಬಣ್ಣದಾಗ ಬರದ್ರ ಯಾರಿಗಿ ಕಾಣತೈತಿ?"

"ನಂಗೂ ಎಷ್ಟೋ ಸಲ ಕಾಣೂದಿಲ್ರಿ. ಅದಕ್ಕ ನಾ ಇವನ್ನ ಬರಾಕ ಬಿಡೂದಿಲ್ಲ."

ಬಿಡದೇ ಇರಲು ಬರುತ್ತದೆಯೇ ಎಂದು ನಾನು ಕೇಳಿದೆ. ಹದಿನಾಲ್ಕು ವರ್ಷ ಕಂಪ್ಯೂಟರಿನ ಧೂಳು ಒರೆಸಿದವಳಿಗೆ ಇದು ಗೊತ್ತಿರಲಿಲ್ಲ.

"ಬರತೈತ್ರಿ ಅಕ್ಕಾರ. ನಾವು ಜಾಲತಾಣ ನೋಡಾಕ ಬಳಸೂದಕ್ಕ ಬ್ರೌಸರ್ ಅಂತಾರಲ್ಲ, ಅದ ಒಂದ ಕಿಡಕಿ ಅಂತ ತಿಳೀರಿ. ಆ ಕಿಡಕಿಗಿ ಸೊಳ್ಳಿ ಜಾಳಿಗಿ ಕೂಡಿಸಿದಂಗ, ಸಣ್ಣ ಸಣ್ಣ ಸಲಕರಣಿ ಕೂಡಸಾಕ ಬರತೈತಿ. ಆ್ಯಡ್-ಆನ್ ಅಂತಾರ, ಎಕ್ಸ್‌ಟೆನ್ಶನ್ ಅಂತಾನೂ ಅಂತಾರ. ಬ್ಯಾಡಾದ್ದನ್ನ ನಮ್ಮ ಕಣ್ಣಿಗಿ ಬೀಳದಂಗ ಮುಚ್ಚತೈತಿ."

ಕಾಕಾನ ಮುಖ ಬಿಗಿಯಾಯಿತು. "ಇದನ್ನ ಮಾಡಿದಾವ ಯಾರು? ಆ ಚೂರ್ಣದಾವನ ತಮ್ಮ ಇದ್ದರ?"

"ಛಲೋ ಕೇಳಿದ್ರಿ. ಮೊದಲ ಅದನ್ನ ನೋಡಬೇಕ."

ಅವಳು ಬ್ರೌಸರಿನ ಮೇಲಿನ ಮೂಲೆಯ ಪಟ್ಟಿ ತೆರೆದು, ಎಕ್ಸ್‌ಟೆನ್ಶನ್ ಎಂಬಲ್ಲಿ ಒತ್ತಿ, ಬ್ರೌಸರಿನವರದೇ ಅಂಗಡಿಗೆ ಹೋದಳು. ಅಂಗಡಿ ಎಂದರೂ ಇಂಥವು ಬಹಳಷ್ಟು ಪುಕ್ಕಟೆ ಸಿಗುತ್ತವೆ. ಬೇರೆ ಕಡೆಯಿಂದ ಇಳಿಸಿಕೊಳ್ಳಲೇಬಾರದು, ಯಾರೋ ಕಳಿಸಿದ ಲಿಂಕ್ ಒತ್ತಲೇಬಾರದು ಎಂದಳು. ಮೊದಲು ಸಿಕ್ಕ ಆ್ಯಡ್-ಆನ್ ಚಂದ ಕಾಣುತ್ತಿತ್ತು. ನಾನು ಅದನ್ನೇ ಹಾಕು ಎಂದೆ.

"ತಡೀರಿ ಅಕ್ಕಾರ. ಇದ ಏನ ಕೇಳತೈತಿ ಓದ್ರಿ. ನೀವು ತೆರೆಯೋ ಎಲ್ಲಾ ಜಾಲತಾಣ ನೋಡತೇನಿ ಅನ್ನತೈತಿ. ನಿಮ್ಮ ಬ್ಯಾಂಕಿಂದೂ ಬಂತು ಅದರಾಗ. ಒಂದ ಮನೀ ಕಸಾ ಹೊಡ್ಯಾಕ ಬಂದಾಕಿ ಊರಾಗಿನ ಎಲ್ಲಾ ಮನೀ ಕೀಲಿ ಕೇಳಿದ್ರ ಕೊಡತೀರೇನ? ಬ್ಯಾಡ ಇದು."

ಎರಡನೆಯದು ಈ ಒಂದು ಜಾಲತಾಣಕ್ಕೆ ಮಾತ್ರ ಅನುಮತಿ ಕೇಳಿತು. ಎಷ್ಟು ಜನ ಬಳಸುತ್ತಾರೆ, ಬಳಸಿದವರು ಏನು ಬರೆದಿದ್ದಾರೆ, ಕೊನೆಗೆ ಯಾವಾಗ ಸುಧಾರಿಸಿದ್ದಾರೆ ಎಂದು ಆಮ್ರಪಾಲಿ ಒಂದೊಂದಾಗಿ ಓದಿ ಹೇಳಿದಳು. ಕಳೆದ ತಿಂಗಳೇ ಸುಧಾರಿಸಿದ್ದರು. ವರ್ಷಗಟ್ಟಲೆ ಯಾರೂ ಮುಟ್ಟದೇ ಬಿಟ್ಟದ್ದನ್ನು ಹಾಕಿಕೊಳ್ಳಬಾರದಂತೆ. ಪಾಸ್‌ವರ್ಡ್, ಓಟಿಪಿ ಕೇಳಿದರೆ ಅಲ್ಲಿಗೇ ಬಿಟ್ಟು ಏಳಬೇಕಂತೆ.

ಇನ್ನೇನು ಒತ್ತಬೇಕು, ಕಾಕಾ ಅವಳ ಕೈ ತಡೆದರು.

"ಒಂದ ಮಾತ. ಕಣ್ಣಿಗಿ ಕಾಣೂದನ್ನ ಮುಚ್ಚಿ ಬರೆಯೂದ ಅಂದ್ರ ಲಬಾಡಿ ಕೆಲಸ, ಮೋಸಾ ಅಲ್ಲೇನ? ನಾ ಮೂವತ್ತೊಂದ ವರ್ಷ ಒಂದ ಇಂಚ ಬಿಟ್ಟಿಲ್ಲ."

ಆಮ್ರಪಾಲಿ ಪರದೆ ಬಿಟ್ಟು ಅವರ ಕಡೆ ತಿರುಗಿದಳು. ಆಮೇಲೆ ಕೇಳಿದಳು.

"ಕಾಕಾ, ಮಳಿಗಾಲದಾಗ ಗೇಜಿನ ಕಂಬಕ್ಕ ಕಸಕಡ್ಡಿ ತೇಲಿ ಬಂದ ಸುತ್ತಿಕೊಂಡ್ರ ಏನ ಮಾಡತಿದ್ರಿ?"

"ಗಳಾ ತೊಗೊಂಡ ಸರಸತಿದ್ನಿ. ಕಸದ ಮ್ಯಾಲ ಅಡಿ ಎಣಸಾಕ ಬರತೈತೇನ? ಕಸಾ ಸರದ ಮ್ಯಾಲನ ನೀರ ಕಾಣೂದು."

ಹೇಳಿ ಮುಗಿಸಿದವರು ಹಾಗೇ ನಿಂತರು. ಕಾಕಾ ಕೈ ಹಿಂದಕ್ಕೆ ತೆಗೆದುಕೊಂಡರು.

ಒತ್ತಿದ ಮೇಲೆ ಒಂದು ಪಟ್ಟಿ ಬಂತು. ಏನೇನು ಮುಚ್ಚಬೇಕು ಎಂದು ಅದೇ ಕೇಳಿತು. ಪ್ರಾಯೋಜಿತ ಪೋಸ್ಟು, ನಿಮಗಾಗಿ ಸೂಚಿಸಿದ್ದು, ತುಂಡು ವಿಡಿಯೋ, ಇವರು ನಿಮಗೆ ಗೊತ್ತಿರಬಹುದು. ಕಾಕಾ ಒಂದೊಂದನ್ನೂ ಎರಡು ಸಲ ಓದಿ ಗುರುತು ಹಾಕಿದರು. ಪುಟ ಮತ್ತೆ ತೆರೆದಾಗ ಪರದೆಯ ಮೇಲೆ ಉಳಿದದ್ದು ನಾಲ್ಕೇ ನಾಲ್ಕು. ಬಸ್ಸಿನ ಸುದ್ದಿ, ಕಾಲುವೆಯ ನೀರು, ಲಸಿಕೆ, ಯಾರದೋ ಮಗುವಿನ ಹುಟ್ಟುಹಬ್ಬ.

"ಇಷ್ಟ ಏನ?" ಎಂದರು ಕಾಕಾ.

"ಇಷ್ಟರಿ."

ಇಷ್ಟಕ್ಕೇ ನಾವಿಬ್ಬರೂ ದಿನಕ್ಕೊಂದು ತಾಸು ಸಾಯುತ್ತಿದ್ದೆವು. ನನಗೆ ಖುಷಿಗಿಂತ ಸುಸ್ತೇ ಜಾಸ್ತಿ ಆಯಿತು. ನನ್ನ ಫೋನಿಗೂ ಇದು ಬಂತೇ ಎಂದು ಕೇಳಿದೆ.

"ಇಲ್ರಿ. ಇದ ಈ ಕಂಪ್ಯೂಟರಿನ ಈ ಬ್ರೌಸರಿಗಿ ಅಷ್ಟ. ಫೋನಿನ್ಯಾಗಿನ ಆ್ಯಪ್‌ನ್ಯಾಗ ಇದ ನಡ್ಯೂದಿಲ್ಲ. ಆ್ಯಡ್-ಆನ್ ತೊಗೊಳ್ಳೂವಂಥ ಬ್ರೌಸರ್ ಫೋನಿಗೂ ಅದಾವ, ಅದರಾಗ ಜಾಲತಾಣ ತೆರದ್ರ ಕೆಲವು ನಡೀತಾವ. ಇನ್ನೊಂದ ಹೇಳತೇನಿ. ಜಾಲತಾಣದಾವ್ರ ಆಗಾಗ ತಮ್ಮ ಪುಟಾ ಬದಲಸತಾರ. ಆವಾಗ ಒಂದೊಂದ ಜಾಹೀರಾತ ನುಸುಳಿ ಬರತಾವ. ಆ ಸಣ್ಣ ಅಕ್ಷರ ನೋಡೂದ ಬಿಡಬ್ಯಾಡ್ರಿ. ಮತ್ತ ಇದ ಕಸಾ ಅಷ್ಟ ಸರಸತೈತಿ, ಖರೆ ಸುಳ್ಳ ಇದಕ್ಕ ತಿಳ್ಯೂದಿಲ್ಲ. ನಮ್ಮ ಊರಾವನ ಒಬ್ಬ ಸುಳ್ಳ ಔಷಧದ ಸುದ್ದಿ ಹಾಕಿದ್ರ ಅದು ಹಂಗ ಬರತೈತಿ. ಔಷಧದ ಮಾತ ಬಂತಂದ್ರ ಡಾಕ್ಟರನ್ನ ಕೇಳದ ಹಲಗಿ ಮ್ಯಾಲ ಹಾಕಬಾರದ."

ಕಾಕಾ ತಲೆಯಾಡಿಸಿದರು. "ಎಲ್ಲಾ ಛಲೋ ಆತು ತಂಗಿ. ಇನ್ನ ಮ್ಯಾಲ ಸುವರ್ಣಾ ಬರೀಲಿ. ನಾ ಬರ್ಯಾಂಗಿಲ್ಲ" ಎಂದು ಚಪ್ಪಲಿ ಮೆಟ್ಟಿ ಹೋದರು.

ನಾನು ಬರೆಯಲಿಲ್ಲ. ನಾಳೆ ಬರೆದರಾಯಿತು ಎಂದುಕೊಂಡೆ. ಅವರು ಬರುತ್ತಾರೇನೋ ಎಂದೂ ಕಾಯ್ದೆ. ಹೀಗೆ ಇನ್ನೊಂದು ವಾರ ಹಲಗೆ ಖಾಲಿ ಉಳಿಯಿತು.

ಮುಂದಿನ ಸೋಮವಾರ ಸತ್ತೆವ್ವ ಕೋಲು ಊರಿಕೊಂಡು ಬಂದಳು. ಕಾಲಿಗೆ ಪಟ್ಟಿ ಇತ್ತು. ಖಾಲಿ ಹಲಗೆಯನ್ನು ನೋಡಿ, ಗ್ರಂಥಾಲಯದ ಮೆಟ್ಟಿಲ ಮೇಲೆ ಕುಳಿತು, ಸಿದ್ರಾಯನನ್ನು ಕರೆಸು ಎಂದಳು. ನಾನು ಫೋನ್ ಮಾಡಿದೆ. ಕಾಕಾ ಬಂದು ದೂರದಲ್ಲೇ ನಿಂತರು, ಅವಳ ಕಾಲಿನ ಕಡೆ ನೋಡಲಿಲ್ಲ.

"ಬೆರಳ ಹೋದದ್ದ ನಂದು. ನೀ ಯಾಕ ಹಲಗಿ ಬಿಟ್ಟೀ ಅಣ್ಣಾ?" ಎಂದಳು.

"ನನ್ನ ಕೈಯಿಂದ ಆತ ಸತ್ತೆವ್ವ. ಆ ಕೈಲೆ ಮತ್ತ ಹೆಂಗ ಬರೀಲಿ?"

"ಆತು. ನನಗ ಸಿಟ್ಟ ಇಲ್ಲ ಅನ್ನಾಂಗಿಲ್ಲ. ಐತಿ. ಈಕೀ ಮ್ಯಾಲೂ ಐತಿ." ನನ್ನ ಕಡೆ ಕೈ ತೋರಿಸಿದಳು. "ಖರೆ ಮೊನ್ನೆ ಪಟ್ಟಿ ಬದಲಸಾಕ ಹುಕ್ಕೇರಿಗೆ ಹೋಗೂದಿತ್ತು. ಬಸ್ಸ ಬರಾಂಗಿಲ್ಲ ಅನ್ನೂದ ಊರಾಗ ಫೋನ್ ಇದ್ದಾವ್ರಿಗೆಲ್ಲಾ ಗೊತ್ತಿತ್ತು. ನನಗ ಗೊತ್ತಿರಲಿಲ್ಲ. ಈ ಕಾಲ ಇಟಗೊಂಡ ಮೂರ ತಾಸ ಗಿಡದ ಬುಡಕ ಕುಂತೆ. ನನಗ ಇರೂದ ಇದೊಂದ ಹಲಗಿ."

ಕಾಕಾ ಎರಡು ಹೆಜ್ಜೆ ಹತ್ತಿರ ಬಂದರು.

"ಮತ್ತ ಇನ್ನೊಂದ. ನೀ ಅವತ್ತ ಹಲಗಿ ಒರಸಿ ಹೋದಿ. ಅದನ್ನ ಓದಿದಾವ್ರ ತಲಿಯೊಳಗಿಂದ ಒರಸಿದೇನ? ನನ್ನಂಗ ಇನ್ನೂ ಯಾರ್ಯಾರ ಗುಳಿಗಿ ಬಿಟ್ಟ ಕುಂತಾರೋ. ಅವರಿಗಿ ಹೇಳಾವ್ರ ಯಾರು?"

ಇಷ್ಟು ದಿನ ನಾವಿಬ್ಬರೂ ನಮ್ಮ ಸಂಕಟವನ್ನೇ ನೋಡಿಕೊಂಡು ಕುಳಿತಿದ್ದೆವು. ಈ ಒಂದು ಪ್ರಶ್ನೆ ನಮಗೆ ಹೊಳೆದೇ ಇರಲಿಲ್ಲ.

ಕಾಕಾ ಒಳಗೆ ಹೋಗಿ ಖಡು ತಂದರು. ಯಾವ ಚೀಟಿಯನ್ನೂ ನೋಡದೆ ಅವರು ಹಲಗೆಯ ಮೇಲೆ ಬರೆದದ್ದನ್ನು ನಾನು ಅವತ್ತೇ ಮೊದಲು ಕಂಡದ್ದು. ದೊಡ್ಡ ಅಕ್ಷರದಲ್ಲಿ ಬರೆದರು: "ಸಕ್ಕರೆ ಕಾಯಿಲೆಯ ಚೂರ್ಣದ ಬಗ್ಗೆ ಇಲ್ಲಿ ಬರೆದದ್ದು ತಪ್ಪು. ಅದು ಜಾಹೀರಾತು. ಆಶಾ ಕಾರ್ಯಕರ್ತೆ ಹೇಳಿದ್ದಲ್ಲ. ಗುಳಿಗೆ ಬಿಟ್ಟವರು ಇವತ್ತೇ ಡಾಕ್ಟರ ಹತ್ತಿರ ಹೋಗಿ. ತಪ್ಪು ಬರೆದವನು ಸಿದ್ರಾಯ." ನಾನು ಖಡು ಇಸಿದುಕೊಂಡು ಅದರ ಕೆಳಗೆ ಬರೆದೆ: "ಓದಿ ಹೇಳಿದವಳು ಸುವರ್ಣಾ."

ಸತ್ತೆವ್ವ ಅದನ್ನು ಎರಡು ಸಲ ಓದಿಸಿಕೊಂಡಳು. ಹೂಂ ಎಂದು ಎದ್ದು ಹೋದಳು.

ಸಂಜೆ ಐದರ ಸುಮಾರಿಗೆ ಹಿಟ್ಟಿನ ಗಿರಣಿಯ ಉದ್ದಪ್ಪ ಬಂದ. ಟವೆಲ್ಲಿನಲ್ಲಿ ಏನೋ ಸುತ್ತಿಕೊಂಡಿದ್ದ. ಮೇಜಿನ ಮೇಲೆ ಬಿಚ್ಚಿದ. ಅದೇ ಚೂರ್ಣದ ಡಬ್ಬಿ, ತಳದಲ್ಲಿ ಸ್ವಲ್ಪ ಉಳಿದಿತ್ತು.

"ನನ್ನ ಹೇಣ್ತಿ ತೊಗೋಳಾಕತ್ತಾಳ್ರಿ. ಗುಳಿಗಿ ಬಿಟ್ಟ ಇಪ್ಪತ್ತ ದಿನ ಆತು. ನಿನ್ನೆಯಿಂದ ಕಣ್ಣ ಮಂಜ ಅನ್ನಾಕತ್ತಾಳ" ಎಂದ.

ಇನ್ನೂ ಅಲ್ಲೇ ಕುಳಿತಿದ್ದ ಕಾಕಾ ಚಷ್ಮಾ ಕೂಡ ಹಾಕಿಕೊಳ್ಳದೆ ಎದ್ದು ಉದ್ದಪ್ಪನ ಗಾಡಿ ಹತ್ತಿದರು. ಉದ್ದಪ್ಪನ ಹೆಂಡತಿಯನ್ನು ಅವತ್ತೇ ಆಸ್ಪತ್ರೆಗೆ ಮುಟ್ಟಿಸಿದ್ದರಿಂದ ಅವಳ ಕಣ್ಣು ಉಳಿಯಿತು.

ಇದನ್ನು ಓದುತ್ತಿರುವ ಅಕ್ಕಂದಿರೇ, ಅಣ್ಣಂದಿರೇ, ಉಪದೇಶ ಮಾಡುವ ಯೋಗ್ಯತೆ ನನಗಿಲ್ಲ. ಕೇಳಿಕೊಳ್ಳುವುದು ಇಷ್ಟೇ. ನಿಮ್ಮ ಸಂಘದಲ್ಲಿ, ಸಾಲೆಯಲ್ಲಿ, ಮನೆಯಲ್ಲಿ ಕಂಪ್ಯೂಟರ್ ಇದ್ದರೆ ಈ ವಾರವೇ ತಿಳಿದವರೊಬ್ಬರನ್ನು ಪಕ್ಕಕ್ಕೆ ಕೂರಿಸಿಕೊಳ್ಳಿ. ಬ್ರೌಸರಿನ ಸ್ವಂತ ಅಂಗಡಿಯಿಂದಲೇ, ಕಡಿಮೆ ಅನುಮತಿ ಕೇಳುವ ಒಂದು ಆ್ಯಡ್-ಆನ್ ಹಾಕಿಸಿಕೊಳ್ಳಿ. ನಿಮಗೆ ಬೇಡದ್ದು ಯಾವುದು ಎಂದು ನೀವೇ ಗುರುತು ಹಾಕಿ. ಅರ್ಧ ಗಂಟೆಯ ಕೆಲಸ. ನಿಮ್ಮ ಕಣ್ಣಿಗೂ ತಲೆಗೂ ಸ್ವಲ್ಪ ಬಿಡುವು ಸಿಗುತ್ತದೆ.

ಪರದೆಯ ಮೇಲೆ ಕಂಡದ್ದನ್ನು ಓದು ಬಾರದ ಒಬ್ಬರಿಗೆ ನೀವು ಓದಿ ಹೇಳುವವರಾಗಿದ್ದರೆ, ಬಾಯಿ ತೆರೆಯುವ ಮೊದಲು ಇದನ್ನು ಹಾಕಿದವರು ಯಾರು ಎಂದು ಒಮ್ಮೆ ನೋಡಿ. ಆಗಲೇ ತಪ್ಪು ಹೇಳಿದ್ದರೆ, ನಾಚಿಕೊಂಡು ಮನೆಯಲ್ಲಿ ಕೂರಬೇಡಿ. ಇವತ್ತೇ ಅವರ ಮನೆಗೆ ಹೋಗಿ, ತಪ್ಪಾಯಿತು ಎಂದು ಹೇಳಿ ಬನ್ನಿ. ನಾವು ಮೂರು ವಾರ ತಡ ಮಾಡಿದೆವು.